ಕುದುರೆಗೆ ಯಾವ ಉಪ್ಪು, ಯಾವ ಖನಿಜ?



ಹೆಬ್ಬಾಳದಿಂದ ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರದ ಕಡೆಗೆ ಹೋಗುವ ಹಾದಿಯ ಹಳ್ಳಿಗಳಲ್ಲಿ ಹಸು ಕಟ್ಟಿದ ಕೊಟ್ಟಿಗೆಯ ಮಗ್ಗುಲಲ್ಲೇ ಕುದುರೆಯೊಂದು ನಿಂತಿರುವುದುಂಟು. ಒಬ್ಬರ ಮನೆಯಲ್ಲಿ ಅದು ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಬಿಳಿಯ ಕುದುರೆ. ಇನ್ನೊಬ್ಬರ ಜಮೀನಿನಲ್ಲಿ ಪಟ್ಟಣದವರು ಸವಾರಿಗೆಂದು ಇಟ್ಟು, ತಿಂಗಳಿಗೆ ಇಷ್ಟು ಎಂದು ಹಣ ಕೊಟ್ಟು ಸಾಕಿಸುವ ಕುದುರೆ. ಮತ್ತೊಬ್ಬರಲ್ಲಿ ಓಟದ ಕಣವನ್ನು ಬಿಟ್ಟು ಬಂದ ಮುದಿ ಕುದುರೆ. ಇಂದು ಆರ್.ಟಿ. ನಗರ ಎಂದು ಕರೆಯುವ ಬಡಾವಣೆಯ ಒಳಗೆ ಮಠದಹಳ್ಳಿ, ದಿಣ್ಣೂರು ಎಂಬ ಹಳ್ಳಿಯ ಹೆಸರುಗಳು ಇನ್ನೂ ಉಳಿದಿವೆ. ಬೆಂಗಳೂರಿನಲ್ಲಿ ಜಟಕಾ ಬಂಡಿಗಳು ಓಡುತ್ತಿದ್ದ ಕಾಲದಲ್ಲಿ ಕುದುರೆಗೆ ಏನು ಹಾಕಬೇಕು, ಎಷ್ಟು ಹಾಕಬೇಕು ಎಂಬುದು ಜಟಕಾದವರಿಗೆ ತಂದೆಯಿಂದ ಮಗನಿಗೆ ಬಂದ ವಿದ್ಯೆಯಾಗಿತ್ತು. ಜಟಕಾ ಹೋಯಿತು, ಅದರ ಜೊತೆಗೆ ಆ ವಿದ್ಯೆಯೂ ಬಹಳಮಟ್ಟಿಗೆ ಹೋಯಿತು.

ಆದುದರಿಂದ ಈಗ ನಾವು ಮಾಡುವುದೇನು? ಹಸುವಿಗೆ ತಂದ ಬೂಸಾ, ಹಸುವಿಗೆ ಬೆಳೆದ ನೇಪಿಯರ್ ಹುಲ್ಲು, ಹಸುವಿಗೆ ಕೊಡುವ ಖನಿಜದ ಪುಡಿ, ಇವನ್ನೇ ಕುದುರೆಗೂ ಹಾಕುತ್ತೇವೆ. ಕೆಲವು ತಿಂಗಳು ಏನೂ ಕಾಣುವುದಿಲ್ಲ. ಕುದುರೆ ದುಂಡಗೇ ಇರುತ್ತದೆ. ಆಮೇಲೆ ಒಂದು ದಿನ ಮುಂಗಾಲು ಎಳೆಯುತ್ತದೆ, ಮುಂದಿನ ವಾರ ಹಿಂಗಾಲು. ಲಾಳ ಕಟ್ಟಿದವನ ತಪ್ಪೆಂದು ಅವನನ್ನು ಬೈಯುತ್ತೇವೆ. ಕಾಲಿಗೆ ಎಣ್ಣೆ ತಿಕ್ಕುತ್ತೇವೆ. ಪೇಟೆಯಿಂದ ಒಂದು ಡಬ್ಬಿ ಟಾನಿಕ್ ತರುತ್ತೇವೆ. ತಪ್ಪು ಕಾಲಿನಲ್ಲಿಲ್ಲ, ಗೋದಲಿಯಲ್ಲಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ.

ಮೊದಲು ತೂಕ

ಎಷ್ಟು ಕೊಡಬೇಕು ಎಂಬುದೆಲ್ಲ ಕುದುರೆಯ ತೂಕದ ಮೇಲೆ ನಿಂತಿದೆ. ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದವನ್ನು ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗಳಲ್ಲಿ ತೂಕ ಸಿಕ್ಕುತ್ತದೆ. ಸುತ್ತಳತೆ 160, ಉದ್ದ 145 ಇದ್ದರೆ ಸುಮಾರು 312 ಕಿಲೋ ಆಯಿತು. ಈ ಲೆಕ್ಕ ಶಾಲೆಗೆ ಹೋಗುವ ನಿಮ್ಮ ಮಗ ಅಥವಾ ಮಗಳು ಐದು ನಿಮಿಷದಲ್ಲಿ ಮಾಡಿಕೊಡುವ ಲೆಕ್ಕ. ನಮ್ಮ ಕಡೆ ಮೆರವಣಿಗೆಗೆ ಹೋಗುವ ಸಾಧಾರಣ ಗಾತ್ರದ ಕುದುರೆಯನ್ನು 300 ಕಿಲೋ ಎಂದಿಟ್ಟುಕೊಂಡು ಮುಂದೆ ಹೇಳುತ್ತೇನೆ. ನಿಮ್ಮದು ದೊಡ್ಡದಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ, ಚಿಕ್ಕದಿದ್ದರೆ ಇಳಿಸಿಕೊಳ್ಳಿ.

ಉಪ್ಪು

ಹುಲ್ಲು, ಹುರುಳಿ, ಕಡಲೆ, ಬೂಸಾ, ಇವು ಯಾವುದರಲ್ಲೂ ಕುದುರೆಗೆ ಸಾಕಾಗುವಷ್ಟು ಉಪ್ಪಿಲ್ಲ. ಎಷ್ಟೇ ಒಳ್ಳೆಯ ಮೇವು ಹಾಕಿದರೂ ಉಪ್ಪನ್ನು ಮಾತ್ರ ಬೇರೆಯಾಗಿ ಕೊಡಲೇಬೇಕು. ಕುದುರೆಯ ಬೆವರು ನಮ್ಮ ಬೆವರಿಗಿಂತ ಉಪ್ಪಾದುದು. ಒಂದು ಲೀಟರ್ ಬೆವರಿನೊಡನೆ ಹತ್ತಿರ ಹತ್ತಿರ 10 ಗ್ರಾಂ ಲವಣ ಹೊರಟುಹೋಗುತ್ತದೆ. ಬಿಸಿಲಿನಲ್ಲಿ ಬಿರುಸಾಗಿ ದುಡಿಯುವ ದೊಡ್ಡ ಕುದುರೆ ಒಂದು ಗಂಟೆಗೆ 10 ಲೀಟರಿನವರೆಗೂ ಬೆವರಬಲ್ಲದು.

ಇಲ್ಲಿ ಒಂದು ಸೂಕ್ಷ್ಮವುಂಟು. ಮನುಷ್ಯ ಬೆವರಿದಾಗ ನೀರು ಹೆಚ್ಚು ಹೋಗುತ್ತದೆ, ಉಪ್ಪು ಕಡಿಮೆ ಹೋಗುತ್ತದೆ. ಅದರಿಂದ ರಕ್ತ ಉಪ್ಪಾಗಿ ಬಾಯಾರಿಕೆ ಹುಟ್ಟುತ್ತದೆ. ಕುದುರೆಯಲ್ಲಿ ನೀರೂ ಉಪ್ಪೂ ಜೊತೆಜೊತೆಯಾಗಿ ಹೋಗುವುದರಿಂದ ಒಣಗಿದ ದೇಹಕ್ಕೆ ತಾನು ಒಣಗಿದ್ದೇನೆಂದು ತಿಳಿಯುವುದು ತಡವಾಗುತ್ತದೆ. ಸುಸ್ತಾಗಿ ಬಂದ ಕುದುರೆಯ ಮುಂದೆ ಬಕೆಟ್ಟಿಟ್ಟರೆ ನಾಲ್ಕು ಗುಟುಕು ಕುಡಿದು ತಲೆಯೆತ್ತಿಬಿಡುತ್ತದೆ. ನಾವು ಬಾಯಾರಿಕೆ ಇಲ್ಲವೆಂದುಕೊಳ್ಳುತ್ತೇವೆ. ನೀರು ಸಾಲದೆ ಕರುಳಿನಲ್ಲಿ ಒಣ ಹುಲ್ಲು ಗಟ್ಟಿಯಾಗುತ್ತದೆ, ಲದ್ದಿ ಕಟ್ಟುತ್ತದೆ, ಹೊಟ್ಟೆನೋವು ಬರುತ್ತದೆ. ಕುದುರೆಯ ಹೊಟ್ಟೆನೋವು ಎಷ್ಟು ಕೆಟ್ಟದ್ದೆಂದು ಒಮ್ಮೆ ನೋಡಿದವರು ಮರೆಯುವುದಿಲ್ಲ. ರಾತ್ರಿ ಉರುಳಾಡಲು ತೊಡಗಿದ ಕುದುರೆ ಬೆಳಗಾಗುವುದರೊಳಗೆ ಸತ್ತದ್ದೂ ಉಂಟು.

ಎಷ್ಟು ಕೊಡಬೇಕು? 300 ಕಿಲೋ ಕುದುರೆ ಕೆಲಸವಿಲ್ಲದೆ ನಿಂತಿದ್ದರೂ ದಿನಕ್ಕೆ 15 ಗ್ರಾಂಗೆ ಕಡಿಮೆಯಾಗಬಾರದು. 25ರಿಂದ 30 ಗ್ರಾಂ ಕೊಡುವುದು ಲೇಸು. ಮೈ ನೆನೆಯುವಂತೆ ಬೆವರಿದ ದಿನ ಇನ್ನೊಂದು 30 ಗ್ರಾಂ ಸೇರಿಸಿ, ಬೆಳಗ್ಗೆ ಸಂಜೆ ಎಂದು ಎರಡು ಪಾಲು ಮಾಡಿ, ನೆನೆಸಿದ ದಾಣಿಯಲ್ಲಿ ಕಲಸಿ ಕೊಡಿ. ಮಾರ್ಚಿಯಿಂದ ಮೇವರೆಗೆ ಮದುವೆಯ ಮುಹೂರ್ತಗಳು ಹೆಚ್ಚು, ಬಿಸಿಲೂ ಹೆಚ್ಚು. ಆ ತಿಂಗಳುಗಳಲ್ಲಿ ಜರತಾರಿ ಹೊದಿಕೆ ಹೊತ್ತು ಬ್ಯಾಂಡಿನ ಮುಂದೆ ಗಂಟೆಗಟ್ಟಲೆ ನಿಲ್ಲುವ ಕುದುರೆ ನಡೆಯದೆಯೇ ಬೆವರುತ್ತದೆ ಎಂಬುದನ್ನು ಮರೆಯಬಾರದು.

ಅಳತೆಗೆ ಒಂದು ಉಪಾಯ: ಕಿರಾಣಿ ಅಂಗಡಿಯಲ್ಲಿ 30 ಗ್ರಾಂ ಉಪ್ಪನ್ನು ತೂಗಿಸಿಕೊಂಡು ಬಂದು, ಹಳೆಯ ಲೋಟಕ್ಕೆ ಹಾಕಿ, ಅದು ಬಂದ ಮಟ್ಟಕ್ಕೆ ಮೊಳೆಯಿಂದ ಒಂದು ಗೀಟು ಹಾಕಿಡಿ. ಆಮೇಲೆ ಯಾರು ದಾಣಿ ಕಲಸಿದರೂ ಅಳತೆ ತಪ್ಪುವುದಿಲ್ಲ.

ಯಾವ ಉಪ್ಪು ಎಂದು ಕೇಳುತ್ತೀರಿ. ಅಡಿಗೆಮನೆಯ ಉಪ್ಪೇ ಸಾಕು. ಕಲ್ಲುಪ್ಪಾದರೆ ಕುಟ್ಟಿ ಪುಡಿ ಮಾಡಿ. ಅಯೋಡಿನ್ ಸೇರಿದ ಉಪ್ಪು ಕುದುರೆಗೂ ಒಳ್ಳೆಯದು. ಈಚೆಗೆ ಗುಲಾಬಿ ಬಣ್ಣದ ಸೈಂಧವ ಲವಣದ ಗಟ್ಟಿಗಳನ್ನು ಹಗ್ಗಕ್ಕೆ ಪೋಣಿಸಿ ಮಾರುತ್ತಾರೆ, ಎಂಬತ್ತು ನಾಲ್ಕು ಖನಿಜಗಳಿವೆ ಎನ್ನುತ್ತಾರೆ. ಇರಬಹುದು, ಆದರೆ ಅದರ ಬಹುಪಾಲು ನಿಮ್ಮ ಅಡಿಗೆಮನೆಯಲ್ಲಿರುವ ಅದೇ ಉಪ್ಪು; ಉಳಿದವು ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ. ಗುಲಾಬಿ ಬಣ್ಣ ಬಂದಿರುವುದು ಕಬ್ಬಿಣದ ತುಕ್ಕಿನಿಂದ. ನಮ್ಮ ಕೆಂಪು ನೆಲದ ಹುಲ್ಲು ತಿನ್ನುವ ಕುದುರೆಗೆ ಕಬ್ಬಿಣದ ಕೊರತೆಯೇ ಇಲ್ಲ. ಬಣ್ಣಕ್ಕೆ ದುಡ್ಡು ಕೊಡುವುದು ನಿಮ್ಮ ಇಷ್ಟ.

ನೆಕ್ಕುವ ಉಪ್ಪಿನ ಇಟ್ಟಿಗೆಯ ವಿಷಯವೂ ಹೀಗೆಯೇ. ಹಸುವಿನ ನಾಲಗೆ ಅರದಂತೆ ಒರಟು, ಇಟ್ಟಿಗೆಯನ್ನು ನೆಕ್ಕಿ ನೆಕ್ಕಿ ಬೇಕಾದಷ್ಟು ತೆಗೆದುಕೊಳ್ಳುತ್ತದೆ. ಕುದುರೆಯ ನಾಲಗೆ ನುಣುಪು. ಬೇಸಿಗೆಯಲ್ಲಿ ಇಟ್ಟಿಗೆಯೊಂದನ್ನೇ ನಂಬಿದರೆ ಸಾಲದೆ ಹೋಗಬಹುದು. ಕೆಲವು ಕುದುರೆಗಳು ಬೇಸರಕ್ಕೆ ಅದನ್ನು ಕಚ್ಚಿ ಹಲ್ಲು ಕೆಡಿಸಿಕೊಳ್ಳುತ್ತವೆ. ಇಟ್ಟಿಗೆ ಇದ್ದರೆ ಇರಲಿ. ಪುಡಿ ಉಪ್ಪನ್ನು ದಾಣಿಯಲ್ಲಿ ಕೊಡುವುದನ್ನು ಬಿಡಬೇಡಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಉಪ್ಪು ಹಾಕುವ ಮನೆಯಲ್ಲಿ ತೊಟ್ಟಿ ಎಂದೂ ಬರಿದಾಗಬಾರದು. ನೀರಿನ ಟ್ಯಾಂಕರ್ ಬಾರದ ದಿನ ಉಪ್ಪನ್ನು ಹೆಚ್ಚಿಸಬೇಡಿ. ಬಾಯಾರಿ ಬಂದ ಕುದುರೆಗೆ ಮೊದಲು ನೀರು, ಆಮೇಲೆ ಉಪ್ಪು ಸೇರಿದ ದಾಣಿ. ಹಲವು ಲಾಯಗಳ ಕುದುರೆ ಸೇರುವ ಕಡೆ ಒಂದೇ ತೊಟ್ಟಿಯಲ್ಲಿ ಕುಡಿಸದೆ ನಿಮ್ಮದೇ ಬಕೆಟ್ಟು ಒಯ್ಯಿರಿ. ಗ್ಲಾಂಡರ್ಸ್‌ನಂತಹ ಮಾರಿರೋಗಗಳು, ಮನುಷ್ಯನಿಗೂ ತಗಲುವಂಥವು, ಅಂತಹ ತೊಟ್ಟಿಗಳಿಂದಲೂ ಹರಡುತ್ತವೆ.

ಎಲೆಕ್ಟ್ರೊಲೈಟ್ ಎಂಬ ಪೊಟ್ಟಣಗಳು ಬಂದಿವೆ. ಹತ್ತಾರು ಮೈಲಿ ಓಡುವ ಕುದುರೆಗೆ ಅವುಗಳ ಉಪಯೋಗ ಉಂಟು. ಹುಲ್ಲು ಚೆನ್ನಾಗಿ ತಿನ್ನುವ ಕುದುರೆಗೆ ಪೊಟ್ಯಾಷ್ ಹುಲ್ಲಿನಿಂದಲೇ ಬರುತ್ತದೆ, ಉಪ್ಪೊಂದೇ ಸಾಕು. ಕೊಳ್ಳಲೇಬೇಕೆಂದರೆ ಚೀಟಿಯನ್ನು ಓದಿ. ಮೊದಲ ಹೆಸರು ಡೆಕ್ಸ್‌ಟ್ರೋಸ್ ಎಂದೋ ಗ್ಲುಕೋಸ್ ಎಂದೋ ಇದ್ದರೆ ನೀವು ಕೊಳ್ಳುತ್ತಿರುವುದು ಸಕ್ಕರೆ.

ಬೂಸಾ ತಿಂದ ಮೂಳೆ

ಈಗ ಕುಂಟುವ ಕುದುರೆಯ ಮಾತಿಗೆ ಬರೋಣ. ಮೂಳೆ ಕಟ್ಟುವುದು ಎರಡು ವಸ್ತುಗಳಿಂದ: ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶ, ಮತ್ತು ರಂಜಕ. ಕುದುರೆಯ ಮೇವಿನಲ್ಲಿ ಸುಣ್ಣದ ಅಂಶ ರಂಜಕಕ್ಕಿಂತ ಹೆಚ್ಚಾಗಿರಬೇಕು. ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಸುಣ್ಣ ಎಂಬುದು ಒಳ್ಳೆಯ ಅಳತೆ. 300 ಕಿಲೋ ಕುದುರೆಗೆ ದಿನಕ್ಕೆ ಸುಮಾರು 12 ಗ್ರಾಂ ಕ್ಯಾಲ್ಸಿಯಂ, 8 ಗ್ರಾಂಗಿಂತ ತುಸು ಹೆಚ್ಚು ರಂಜಕ ಬೇಕು.

ಗೋಧಿ ಬೂಸಾದ ಲೆಕ್ಕ ನೋಡಿ. ಒಂದು ಕಿಲೋ ಬೂಸಾದಲ್ಲಿ ಕ್ಯಾಲ್ಸಿಯಂ ಸುಮಾರು 1.3 ಗ್ರಾಂ, ರಂಜಕವೋ 11ರಿಂದ 12 ಗ್ರಾಂ! ಅಕ್ಕಿ ತೌಡಿನದು ಇನ್ನೂ ಕೆಟ್ಟ ಲೆಕ್ಕ. ಹುರುಳಿಯಲ್ಲಿ ಎರಡೂ ಸುಮಾರು ಸಮಸಮ, ಕಿಲೋಗೆ ಮೂರು ಮೂರು ಗ್ರಾಂ. ದಿನಕ್ಕೆ ಎರಡು ಕಿಲೋ ಬೂಸಾ, ಒಂದು ಕಿಲೋ ಹುರುಳಿ ಹಾಕುವ ಮನೆಯಲ್ಲಿ ದಾಣಿಯಿಂದ ಬಂದ ಕ್ಯಾಲ್ಸಿಯಂ ಐದೂವರೆ ಗ್ರಾಂ, ರಂಜಕ 26 ಗ್ರಾಂ. ಅಳತೆ ತಲೆಕೆಳಗಾಯಿತು. ಹೆಚ್ಚಾದ ರಂಜಕವು ಕರುಳಿನಲ್ಲಿ ಇದ್ದಬದ್ದ ಸುಣ್ಣವನ್ನೂ ಹೀರದಂತೆ ತಡೆಯುತ್ತದೆ. ರಕ್ತಕ್ಕೆ ಸುಣ್ಣ ಬೇಕೇಬೇಕು, ಅದಿಲ್ಲದೆ ಗುಂಡಿಗೆ ಬಡಿಯದು. ಆಗ ಕುತ್ತಿಗೆಯಲ್ಲಿರುವ ಪುಟ್ಟ ಗ್ರಂಥಿಗಳು ಮೂಳೆಯಿಂದ ಸುಣ್ಣವನ್ನು ಕರಗಿಸಿ ರಕ್ತಕ್ಕೆ ತರುತ್ತವೆ. ಕರಗಿದ ಮೂಳೆಯ ಜಾಗದಲ್ಲಿ ಮೆತ್ತನೆಯ ನಾರು ತುಂಬಿಕೊಳ್ಳುತ್ತದೆ.

ಮೊದಲು ಕಾಣುವುದು ಜಾಗ ಬದಲಿಸುವ ಕುಂಟು, ಬಿಗಿದ ನಡಿಗೆ, ಓಡಲು ಹಿಂಜರಿಕೆ. ಹಲ್ಲು ಸಡಿಲಾಗಿ ಮೇವನ್ನು ನಿಧಾನವಾಗಿ ಅಗಿಯುತ್ತದೆ, ಅರ್ಧ ಅಗಿದದ್ದನ್ನು ಉಗುಳುತ್ತದೆ. ಕೊನೆಗೆ ಮುಖದ ಎರಡೂ ಪಕ್ಕ, ದವಡೆ ಹಲ್ಲುಗಳ ಮೇಲುಗಡೆ ಮೂಳೆ ಉಬ್ಬಿಕೊಳ್ಳುತ್ತದೆ, ತಲೆ ದಪ್ಪಗಾದಂತೆ ತೋರುತ್ತದೆ. ಬೂಸಾ ಯಥೇಚ್ಛವಾಗಿ ಸಿಗುತ್ತಿದ್ದ ಹಿಟ್ಟಿನ ಗಿರಣಿಯವರ ಕುದುರೆಗಳಲ್ಲಿ ಇದು ಹೆಚ್ಚಾಗಿ ಕಂಡದ್ದರಿಂದ ಹೊರದೇಶಗಳಲ್ಲಿ ಇದಕ್ಕೆ ಗಿರಣಿಯವರ ರೋಗ, ಬೂಸಾ ರೋಗ ಎಂಬ ಹೆಸರುಗಳೇ ಇದ್ದವು. ಮುಖ ಉಬ್ಬಿದ ಮೇಲೆ ಎಚ್ಚರಗೊಂಡರೆ ತಡವಾಯಿತು. ಕುಂಟು ವಾಸಿಯಾಗಲು ತಿಂಗಳುಗಳು ಬೇಕು, ಉಬ್ಬು ಪೂರ್ತಿ ಇಳಿಯದೆ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದೆ, ಕ್ಯಾಲ್ಸಿಯಂ ಸರಿಯಾಗಿದೆ ಎಂದರು ಎಂದು ಸಮಾಧಾನಪಡಬೇಡಿ. ಮೂಳೆಯನ್ನು ಕರಗಿಸಿಯೇ ರಕ್ತವು ತನ್ನ ಲೆಕ್ಕವನ್ನು ಸರಿಮಾಡಿಕೊಂಡಿರುತ್ತದೆ. ವೈದ್ಯರಿಗೆ ರಕ್ತದ ಚೀಟಿಗಿಂತ ಮೇವಿನ ಪಟ್ಟಿ ಹೆಚ್ಚು ಹೇಳುತ್ತದೆ.

ಹಸುವಿನ ಹುಲ್ಲು

ಬೂಸಾ ಹಾಕದ ಮನೆಯಲ್ಲೂ ಇದೇ ರೋಗ ಬರಬಹುದು, ಹಸಿರು ಹುಲ್ಲಿನಿಂದ. ಇದು ಬಹಳ ಜನಕ್ಕೆ ತಿಳಿಯದ ಸಂಗತಿ. ನೇಪಿಯರ್, ಗಿನಿ ಹುಲ್ಲು, ಸೆಟೇರಿಯಾ, ಅಂಜನ್ ಹುಲ್ಲು ಮುಂತಾದ ಬಿಸಿ ದೇಶದ ಹುಲ್ಲುಗಳಲ್ಲಿ ಆಕ್ಸಲೇಟ್ ಎಂಬ ಲವಣವುಂಟು. ಅದು ಸುಣ್ಣದ ಅಂಶವನ್ನು ಬಿಗಿಯಾಗಿ ಹಿಡಿದುಕೊಂಡುಬಿಡುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದು ಸುಣ್ಣವನ್ನು ಬಿಡಿಸಿಕೊಡುತ್ತವೆ. ಕುದುರೆಗೂ ಅಂಥ ಜೀವಿಗಳಿವೆ, ಆದರೆ ಅವು ಇರುವುದು ಕೊನೆಯ ದೊಡ್ಡ ಕರುಳಿನಲ್ಲಿ. ಸುಣ್ಣವನ್ನು ಹೀರುವ ಸಣ್ಣ ಕರುಳು ಅದಕ್ಕೆ ಮುಂಚೆಯೇ ಮುಗಿದಿರುತ್ತದೆ. ಆದುದರಿಂದ ಅದೇ ಹೊಲದ ಅದೇ ನೇಪಿಯರ್ ತಿಂದು ಹಸು ಹಾಲು ಕರೆಯುತ್ತದೆ, ಕುದುರೆ ಮೂಳೆ ಕರಗಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹೊಸ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ, ಬೂಸಾದ ಮುಖವನ್ನೇ ಕಾಣದ ಕುದುರೆಗಳಲ್ಲಿ ದಪ್ಪತಲೆ ರೋಗ ಕಂಡು, 1970ರ ದಶಕದಲ್ಲಿ ಪಶುವೈದ್ಯರು ಈ ಗುಟ್ಟನ್ನು ಬಿಡಿಸಿದರು.

ನೇಪಿಯರ್ ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಅದು ನಿಮ್ಮ ಹಾಲಿನ ಹಣ. ಕುದುರೆಗೆ ಅದೊಂದನ್ನೇ ದಿನವೆಲ್ಲ ಹಾಕಬೇಡಿ. ಹೊಲದ ಬದುವಿನ ಗರಿಕೆ, ರೋಡ್ಸ್ ಹುಲ್ಲು, ಇವುಗಳಲ್ಲಿ ಈ ದೋಷ ಕಡಿಮೆ. ಒಣ ಮೇವಿನಲ್ಲಿ ಭತ್ತದ ಹುಲ್ಲಿಗಿಂತ ನಮ್ಮ ರಾಗಿ ಹುಲ್ಲಿನಲ್ಲಿ ಸುಣ್ಣದ ಅಂಶ ಹೆಚ್ಚು. ಎಲ್ಲಕ್ಕಿಂತ ಮೇಲಾದದ್ದು ಲೂಸರ್ನ್. ನಮ್ಮ ಹಿರಿಯರು ಇದನ್ನು ಕುದುರೆ ಮೆಂತ್ಯ, ಕುದುರೆ ಮಸಾಲೆ ಎಂದು ಕರೆದಿದ್ದಾರೆ. ಹೆಸರೇ ಅದು ಯಾರಿಗೆ ಸೇರಿದ್ದೆಂದು ಹೇಳುತ್ತದೆ. ಐದು ಕಿಲೋ ಹಸಿ ಸೊಪ್ಪಿನಲ್ಲಿ ಸುಮಾರು ಒಂದು ಕಿಲೋ ಒಣ ಅಂಶವಿದ್ದು, ಅದರಿಂದ 12ರಿಂದ 15 ಗ್ರಾಂ ಕ್ಯಾಲ್ಸಿಯಂ ಬರುತ್ತದೆ. ಎರಡು ಗುಂಟೆ ನೀರಾವರಿ ಜಾಗವಿದ್ದರೆ ಬಿತ್ತಿರಿ. ಬೂಸಾವನ್ನು ಎರಡು ಕಿಲೋದಿಂದ ಅರ್ಧ ಕಿಲೋಗೆ ಇಳಿಸಿ, ಹುರುಳಿ ಒಂದು ಕಿಲೋ ಇರಿಸಿ, ಐದು ಕಿಲೋ ಕುದುರೆ ಮೆಂತ್ಯ ಸೇರಿಸಿದರೆ, ಒಂದು ಡಬ್ಬಿಯನ್ನೂ ಕೊಳ್ಳದೆ ಸುಣ್ಣ ರಂಜಕದ ಅಳತೆ ನೆಟ್ಟಗಾಗುತ್ತದೆ. ಆದರೆ ಮೇವನ್ನು ಒಂದೇ ದಿನ ಬದಲಿಸಬಾರದು. ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ.

ಸುಣ್ಣಕಲ್ಲಿನ ಪುಡಿಯೋ, ಡಿ.ಸಿ.ಪಿ.ಯೋ?

ಸೊಪ್ಪು ಬೆಳೆಯಲು ಜಾಗವಿಲ್ಲದವರು ಪಶು ಆಹಾರಕ್ಕೆಂದೇ ಮಾರುವ ಸುಣ್ಣಕಲ್ಲಿನ ಪುಡಿ ಕೊಳ್ಳಬಹುದು. ಅದರ ನೂರು ಪಾಲಿನಲ್ಲಿ ಸುಮಾರು 38 ಪಾಲು ಕ್ಯಾಲ್ಸಿಯಂ. ಬಹಳ ಅಗ್ಗದ ವಸ್ತು. ಕುದುರೆಗೆ ಹಾಕುವ ಪ್ರತಿ ಒಂದು ಕಿಲೋ ಬೂಸಾದ ಲೆಕ್ಕಕ್ಕೆ ಸುಮಾರು 40 ಗ್ರಾಂ ಪುಡಿ ಸೇರಿಸಿದರೆ ರಂಜಕದ ಅತಿರೇಕ ಸರಿಹೋಗುತ್ತದೆ. ಗೋಡೆಗೆ ಬಳಿಯುವ, ಎಲೆ ಅಡಿಕೆಗೆ ಹಚ್ಚುವ ಸುಟ್ಟ ಸುಣ್ಣವನ್ನು ಮಾತ್ರ ಎಂದಿಗೂ ಹಾಕಬೇಡಿ, ಬಾಯಿ ಕರುಳು ಸುಟ್ಟುಹೋಗುತ್ತವೆ. ಹೆಸರು ಒಂದೇ ಆದುದರಿಂದ ಈ ತಪ್ಪು ಸುಲಭವಾಗಿ ನಡೆಯಬಹುದು. ಅಂಗಡಿಯಲ್ಲಿ ಬಿಡಿಸಿ ಕೇಳಿ.

ಡಿ.ಸಿ.ಪಿ. ಎಂಬ ಪುಡಿ ಹಸು ಕಟ್ಟಿದವರಿಗೆಲ್ಲ ಗೊತ್ತು. ಅದರಲ್ಲಿ ಕ್ಯಾಲ್ಸಿಯಂ ನೂರಕ್ಕೆ ಸುಮಾರು 23, ರಂಜಕ ಸುಮಾರು 18. ಬೂಸಾ ತಿನ್ನುವ ಕುದುರೆಗೆ ಇದನ್ನು ಹಾಕುವುದು ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ. ರಂಜಕ ಈಗಾಗಲೇ ಹೆಚ್ಚಾಗಿದೆ. ಬೂಸಾ ಇಲ್ಲದೆ ನೇಪಿಯರ್ ಮೇಲೆಯೇ ನಿಂತ ಕುದುರೆಯ ಮಾತು ಬೇರೆ. ಅದಕ್ಕೆ ಮೂಳೆ ತಿರುಗಿ ಕಟ್ಟಲು ಎರಡೂ ಬೇಕಾದ್ದರಿಂದ ಸುಣ್ಣಕಲ್ಲಿನ ಪುಡಿಯ ಜೊತೆಗೆ ಡಿ.ಸಿ.ಪಿ. ಕೂಡ ಬೇಕಾಗುತ್ತದೆ. ಎಷ್ಟು ಎಂಬುದನ್ನು ಕುದುರೆಯನ್ನು ನೋಡಿದ ವೈದ್ಯರು ಹೇಳಬೇಕು.

ಚೀಲದ ಚೀಟಿ

ಇನ್ನು ಉಳಿದದ್ದು ತಾಮ್ರ, ಸತು, ಅಯೋಡಿನ್, ಸೆಲೆನಿಯಂ ಮುಂತಾದ, ಚಿಟಿಕೆಯಷ್ಟು ಬೇಕಾಗುವ ಖನಿಜಗಳು. ಇವುಗಳಿಗಾಗಿ ಖನಿಜ ಮಿಶ್ರಣ ಕೊಳ್ಳುತ್ತೇವೆ. ಕುದುರೆಯ ಚಿತ್ರವಿರುವ ಬಣ್ಣದ ಡಬ್ಬಿಗಳು ದುಬಾರಿ. ಹಸುವಿನ ಮಿಶ್ರಣ ಆಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಉತ್ತರ ಚೀಟಿಯಲ್ಲಿದೆ. ದನಗಳ ಖನಿಜ ಮಿಶ್ರಣಕ್ಕೆ ಐ.ಎಸ್. 1664 ಎಂಬ ಭಾರತೀಯ ಮಾನಕವಿದೆ. 2002ರ ಪರಿಷ್ಕರಣೆಯಂತೆ ಉಪ್ಪು ಸೇರದ ಮಿಶ್ರಣದಲ್ಲಿ ಕ್ಯಾಲ್ಸಿಯಂ ನೂರಕ್ಕೆ 20, ರಂಜಕ 12 ಇರಬೇಕು. ಜೊತೆಗೆ ತಾಮ್ರ 0.1, ಸತು 0.8. ಇಂತಹ ಪುಡಿ 30 ಗ್ರಾಂ ಕೊಟ್ಟರೆ 300 ಕಿಲೋ ಕುದುರೆಗೆ ಬೇಕಾದ ಸತು ಪೂರ್ತಿ, ತಾಮ್ರ ಅರ್ಧ ದೊರೆಯುತ್ತವೆ. ಉಳಿದ ತಾಮ್ರ ಸ್ವಲ್ಪಮಟ್ಟಿಗೆ ಮೇವಿನಿಂದ ಬರುತ್ತದೆ. ಕೈಯಲ್ಲಿ ಹೆಚ್ಚು ಹಣವಿಲ್ಲದವರಿಗೆ ಇದು ತೆಗೆದುಹಾಕುವ ಮಾತಲ್ಲ. ಆದರೆ ಈ 30 ಗ್ರಾಂನಿಂದ ಬರುವ ಕ್ಯಾಲ್ಸಿಯಂ ಆರೇ ಗ್ರಾಂ, ಅದರೊಡನೆ ರಂಜಕವೂ ಬರುತ್ತದೆ. ಇದನ್ನು ಹಾಕಿದ್ದೇನಲ್ಲ ಎಂದು ಬೂಸಾವನ್ನು ಮೊದಲಿನಂತೆಯೇ ಸುರಿದರೆ ಮೂಳೆ ಉಳಿಯದು.

ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಆಯಾ ಪ್ರದೇಶದ ಮಣ್ಣು ಮೇವುಗಳಲ್ಲಿ ಕೊರತೆಯಾದುದನ್ನು ನೋಡಿ ಪ್ರದೇಶಕ್ಕೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸಿದ್ದಾರೆ. ಹಾಲಿನ ಹಸುಗಳಿಗೆ ಅದು ಬಹಳ ಒಳ್ಳೆಯ ಕೆಲಸ. ಅವು ಹಸುವನ್ನು ಎದುರಿಗಿಟ್ಟುಕೊಂಡು ಮಾಡಿದ ಲೆಕ್ಕಗಳು ಎಂಬುದನ್ನು ಕುದುರೆ ಸಾಕುವವರು ನೆನಪಿಡಬೇಕು.

ಚೀಟಿಯಲ್ಲಿ ಕಬ್ಬಿಣವನ್ನು ದೊಡ್ಡಕ್ಷರದಲ್ಲಿ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ರಕ್ತ ಹೆಚ್ಚಿಸುತ್ತದೆ ಎಂದು ಕಬ್ಬಿಣದ ಟಾನಿಕ್ ಕುಡಿಸುವುದರಿಂದ ಆರೋಗ್ಯವಾದ ಕುದುರೆಗೆ ಲಾಭವಿಲ್ಲ, ಅತಿಯಾದರೆ ಕೇಡು. ಸೆಲೆನಿಯಂ ಇನ್ನೂ ನಾಜೂಕು. 500 ಕಿಲೋ ಕುದುರೆಗೂ ದಿನಕ್ಕೆ ಒಂದು ಮಿಲಿಗ್ರಾಂ ಆದರೆ ಸಾಕು, ಅದರ ಹಲವು ಪಾಲು ಹೆಚ್ಚಾದರೆ ವಿಷ. ಜೂಲು, ಬಾಲದ ಕೂದಲು ಉದುರುತ್ತವೆ, ಗೊರಸು ಸುತ್ತಲೂ ಬಿರುಕು ಬಿಡುತ್ತದೆ. ಕೂದಲಿಗೆ ಒಂದು ಡಬ್ಬಿ, ಗೊರಸಿಗೆ ಒಂದು ಡಬ್ಬಿ, ಶಕ್ತಿಗೆ ಒಂದು ಡಬ್ಬಿ ಎಂದು ಮೂರನ್ನು ಕೂಡಿಸಿ ಕೊಡುವವರು ಮೂರರಲ್ಲೂ ಸೆಲೆನಿಯಂ ಇದೆಯೇ ಎಂದು ಮೊದಲು ನೋಡಲಿ. ಗೊರಸಿನ ಗುಣವನ್ನು ಒಂದು ತಿಂಗಳಲ್ಲಿ ಅಳೆಯಲೂ ಆಗದು. ಗೊರಸು ಮೇಲಿನಿಂದ ಕೆಳಗೆ ಬೆಳೆದು ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದು ನೀವು ಕೇಳಿದ್ದೀರಿ. ಮಕ್ಕಳ ಹಲ್ಲು ಕಂದುವಂತೆ ಜಾನುವಾರಿನ ಹಲ್ಲೂ ಮೂಳೆಯೂ ಕೆಡುತ್ತವೆ. ಸಂಸ್ಕರಿಸದ ಕಲ್ಲಿನ ರಂಜಕದಿಂದ ಮಾಡಿದ ಅಗ್ಗದ ಪುಡಿಗಳಲ್ಲೂ ಫ್ಲೋರಿನ್ ಇರುತ್ತದೆ. ಮಾನಕದಂತೆ ಅದು ನೂರಕ್ಕೆ 0.07ನ್ನು ಮೀರಬಾರದು. ಈ ಅಂಕಿ ಬರೆಯದ, ತಯಾರಿಸಿದವರ ವಿಳಾಸವೂ ಇಲ್ಲದ ಬಿಡಿ ಪುಡಿಯನ್ನು ಕೊಳ್ಳಬೇಡಿ.

ಕೊಟ್ಟಿಗೆಯಲ್ಲಿ ಅದಲು ಬದಲಾದರೆ

ಇದೊಂದನ್ನು ಮನೆಯವರಿಗೆಲ್ಲ ಓದಿ ಹೇಳಿ. ಕೋಳಿಯ ಆಹಾರದಲ್ಲಿ ಮೊನೆನ್ಸಿನ್, ಸಲಿನೊಮೈಸಿನ್ ಎಂಬ ಔಷಧಗಳನ್ನು ರಕ್ತಭೇದಿ ಬಾರದಂತೆ ಸೇರಿಸುವುದುಂಟು. ಹೊರದೇಶಗಳಲ್ಲಿ ದನದ ಆಹಾರಕ್ಕೂ ಖನಿಜದ ಪುಡಿಗೂ ಸೇರಿಸುತ್ತಾರೆ. ಕೋಳಿಗೆ ಅದು ಔಷಧ. ಕುದುರೆಗೆ ಪ್ರತಿ ಕಿಲೋ ತೂಕಕ್ಕೆ 2ರಿಂದ 3 ಮಿಲಿಗ್ರಾಂ ಮೊನೆನ್ಸಿನ್ ಹೋದರೆ ಪ್ರಾಣಕ್ಕೇ ಅಪಾಯ. ಗುಂಡಿಗೆಯ ಸ್ನಾಯುವೇ ಕೆಡುತ್ತದೆ. ಅದಕ್ಕೆ ಪ್ರತಿಮದ್ದಿಲ್ಲ. ಕೋಳಿ ಫಾರಮ್ಮಿನಲ್ಲಿ ಮಿಕ್ಕ ಆಹಾರವನ್ನು ದಂಡವಾಗುತ್ತದೆಂದು ಕುದುರೆಗೆ ಹಾಕಬೇಡಿ. ಅದೇ ಚೀಲದಲ್ಲಿ ಹುರುಳಿ ತುಂಬಿಡಲೂ ಬೇಡಿ. ಹಸುವಿಗೆ ಇಡುವ ಯೂರಿಯಾ ಬೆಲ್ಲದ ಇಟ್ಟಿಗೆಯಿಂದಲೂ ಕುದುರೆಗೆ ಪ್ರಯೋಜನವಿಲ್ಲ, ದೂರವಿಡಿ.

ಇನ್ನು ಕುರಿ ಇರುವ ಮನೆ. ಕುದುರೆ ತಾಮ್ರವನ್ನು ತಾಳಿಕೊಳ್ಳುತ್ತದೆ, ಕುರಿ ತಾಳಿಕೊಳ್ಳುವುದಿಲ್ಲ. ಕುದುರೆಗೆಂದು ತಂದ ತಾಮ್ರ ಹೆಚ್ಚಿರುವ ಖನಿಜವನ್ನು ಕುರಿಗಳು ದಿನವೂ ನೆಕ್ಕುತ್ತಿದ್ದರೆ ಅದು ಅವುಗಳ ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡಿಕೊಂಡು, ಒಂದು ದಿನ ರಕ್ತಕ್ಕೆ ಇಳಿದು, ಚೆನ್ನಾಗಿದ್ದ ಕುರಿ ಹಳದಿಯಾಗಿ ಸಾಯುತ್ತದೆ. ಪ್ರತಿಯೊಂದಕ್ಕೂ ಮುಚ್ಚಳವಿರುವ ಬೇರೆ ಪ್ಲಾಸ್ಟಿಕ್ ಡಬ್ಬಿ ಮಾಡಿ, ಮೇಲೆ ಕುದುರೆ, ಹಸು, ಕುರಿ ಎಂದು ಬರೆದಿಡಿ. ತಗಡಿನ ಡಬ್ಬಿಯನ್ನು ಉಪ್ಪು ತಿಂದುಹಾಕುತ್ತದೆ.

ಆರ್.ಟಿ. ನಗರದ ಪಕ್ಕದಲ್ಲೇ, ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿ, 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿದೆ. ನಿಮ್ಮ ಕುದುರೆ ಕಾರಣ ತಿಳಿಯದೆ ಕುಂಟುತ್ತಿದ್ದರೆ, ಮೇವನ್ನು ಉಗುಳುತ್ತಿದ್ದರೆ, ಗೋಡೆಯನ್ನೋ ಮಣ್ಣನ್ನೋ ನೆಕ್ಕುತ್ತಿದ್ದರೆ ನಿಮ್ಮ ಹೋಬಳಿಯ ಪಶು ಆಸ್ಪತ್ರೆಯವರನ್ನು ಮೊದಲು ಕಂಡು, ಅವರು ಹೇಳಿದರೆ ಅಲ್ಲಿಗೂ ಹೋಗಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ದಿನಕ್ಕೆ ಯಾವ ಮೇವು ಎಷ್ಟು ಕಿಲೋ ಎಂದು ಒಂದು ಕಾಗದದಲ್ಲಿ ಬರೆದುಕೊಂಡು, ಬೂಸಾ, ಹುರುಳಿ, ಹುಲ್ಲು ಒಂದೊಂದು ಹಿಡಿ, ಕುಡಿಸುವ ನೀರು ಒಂದು ಶೀಷೆ, ಖನಿಜದ ಚೀಲದಿಂದ ಕತ್ತರಿಸಿದ ಚೀಟಿ, ಇಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.